ಮೊಣಕೈ ತಿರುವಿನ ಎರಡು ಹಲಗೆ

ಮುಂದಿನ ಸೀಟಿನಲ್ಲಿ ದೋನ್ಯಾ ಬಾಸಿಲಿಯಾ ಕಿತ್ತಳೆ ಸುಲಿಯಲು ಶುರುಮಾಡಿದಾಗ ಬಸ್ಸು ಓಡಿಸುತ್ತಿದ್ದ ಎವಾರಿಸ್ತೊ ಮುಖ ಗಂಟು ಹಾಕಿಕೊಂಡ. ಹೆಬ್ಬೆರಳ ಉಗುರನ್ನು ತೊಟ್ಟಿನ ಪಕ್ಕಕ್ಕೆ ಚುಚ್ಚಿ, ಸಿಪ್ಪೆಯನ್ನು ಚೂರುಚೂರಾಗಿ ಕಿತ್ತು, ಒಂದೊಂದು ಚೂರನ್ನೂ ಅವನ ಗೇರಿನ ಬುಡಕ್ಕೇ ಬಿಡುತ್ತಿದ್ದಳು. ಸಿಪ್ಪೆ ಮುರಿದಾಗ ಚಿಮ್ಮುವ ತುಂತುರು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ನೇರ ಅವನ ಮೂಗಿಗೆ ಬರುತ್ತಿತ್ತು. ಕಿಟಕಿ ತೆರೆದಿಡುವಂತಿಲ್ಲ, ಹಿಂದಿನವರು ಚಳಿ ಎಂದು ಬೊಬ್ಬೆ ಹೊಡೆಯುತ್ತಾರೆ. ಮೂವತ್ತೆರಡು ಜನರ ಉಸಿರು, ಒದ್ದೆ ಉಣ್ಣೆಯ ವಾಸನೆ, ಜಗಿದ ಕೋಕಾ ಎಲೆಯ ಒಗರು, ಯಾರೋ ಬೆಳಿಗ್ಗೆಯೇ ಏರಿಸಿದ ಸಾರಾಯಿ, ಎಲ್ಲವೂ ಸೇರಿ ಗಾಜಿನ ಒಳಮೈಗೆ ಹಬೆಯಾಗಿ ಅಂಟಿಕೊಂಡಿತ್ತು. ಅವನು ಆಲೂಗಡ್ಡೆಯ ಹೋಳಿನಿಂದ ಗಾಜನ್ನು ಉಜ್ಜಿ ಬಟ್ಟೆಯಿಂದ ಒರೆಸಿದ. ಒಂದು ನಿಮಿಷ ರಸ್ತೆ ಕಂಡಿತು. ಮತ್ತೆ ಮೂವತ್ತೆರಡು ಜನ ಉಸಿರಾಡಿದರು. ಹೊರಗಿನ ಮಂಜು ಬೆಟ್ಟದ್ದು, ಅದನ್ನು ಸಹಿಸಬಹುದು. ಒಳಗಿನದು ಇವರೆಲ್ಲರ ಬಾಯಿಂದ ಬಂದದ್ದು ಎನಿಸಿ ಅಸಹ್ಯವಾಯಿತು. ತನ್ನ ಉಸಿರೂ ಅದರಲ್ಲಿದೆ ಎಂದು ಹೊಳೆದಾಗ ಇನ್ನಷ್ಟು ಅಸಹ್ಯವಾಯಿತು.

“ತಗೋ ಮೇಸ್ತ್ರಿ, ಎರಡು ತೊಳೆ ಬಾಯಿಗ್ ಹಾಕ್ಕೊ. ಮುಖ ಯಾಕೆ ಹಿಂಗೆ ಗಂಟು ಹಾಕ್ಕೊಂಡಿದೀಯ?”

“ಬೇಡ ಅಕ್ಕ.”

“ತಿನ್ನಪ್ಪ. ಅವತ್ತು ತಿಂದಿಲ್ವಾ?”

ಅವತ್ತು ಎಂಬ ಮಾತನ್ನು ಅವಳು ಮದುವೆಯ ದಿನವನ್ನೋ ಹಬ್ಬದ ದಿನವನ್ನೋ ನೆನೆಸಿಕೊಂಡಂತೆ ಸಲೀಸಾಗಿ ಆಡಿದಳು. ಘಟ್ಟದ ಕೆಳಗಿನ ಕೊರೊಯಿಕೊ ಸಂತೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಬಟ್ಟಲು ಮಾರುವ ಹೆಂಗಸು. ಇಪ್ಪತ್ತು ದಿನಗಳಿಂದ ಅವಳ ಮೂಟೆಗಳಿಗೆ ಅವನು ಬಾಡಿಗೆ ಕೇಳಿಲ್ಲ, ಅವಳೂ ಕೊಟ್ಟಿಲ್ಲ. ಇಬ್ಬರೂ ಆ ವಿಷಯ ಎತ್ತಿಲ್ಲ. ಆದರೆ ಮುಂದಿನ ಸೀಟು ಅವಳದೇ ಆಗಿಬಿಟ್ಟಿತ್ತು. ಬೇರೆ ಯಾರಾದರೂ ಅಲ್ಲಿ ಕೂತರೆ ಅವಳು ದುಂಡು ಟೋಪಿಯನ್ನು ಸರಿಮಾಡಿಕೊಂಡು ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು, ಅವರು ಎದ್ದು ಹೋಗುವವರೆಗೆ.

ಬೆಳಿಗ್ಗೆ ಲಾ ಪಾಸ್‌ನಲ್ಲಿ ಬಸ್ಸು ಹೊರಡುವ ಮೊದಲು ಚಾಲಕರ ಸಂಘದ ಕಾರ್ಯದರ್ಶಿ ದೋನ್ ರೋಮುಲೊ ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿದ್ದ. ರೋಮುಲೊನ ಕೈ ಯಾವಾಗಲೂ ಬೆಚ್ಚಗೆ, ಒದ್ದೆಯಾಗಿ ಇರುತ್ತದೆ. “ಇವತ್ತು ಹನ್ನೆರಡಕ್ಕೆ ಕೊರೊಯಿಕೊದಲ್ಲಿ ಸಭೆ. ಆ ಮೊಣಕೈ ತಿರುವಿನ ಮುದುಕನ ಹಲಗೆ ಮೇಜಿನ ಮೇಲಿರ್ಬೇಕು. ದಾರೀಲಿ ಇಸ್ಕೊಂಡ್ ಬಾ.” ತಾನೇ ಯಾಕೆ ಎಂದು ಎವಾರಿಸ್ತೊ ಕೇಳಿದ್ದಕ್ಕೆ ರೋಮುಲೊ ನಕ್ಕ. “ಇನ್ಯಾರು ತರ್ಬೇಕಪ್ಪ? ಸಾವಿನ ಬಾಯಿಂದ ಬಂದೋನು ನೀನು, ಹಸಿರು ನೋಡಿದೋನು ನೀನು. ನೀನ್ ತಂದ್ರೆ ಒಂದು ಗೌರವ.” ಗೌರವ ಎನ್ನುವಾಗ ಅವನ ಬಾಯಿಂದ ಕೋಕಾ ಎಲೆಯ ಹಸಿರು ಎಂಜಲಿನ ಹನಿಯೊಂದು ಎವಾರಿಸ್ತೊನ ಅಂಗಿಯ ಕಾಲರಿನ ಮೇಲೆ ಬಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ, ಎದುರಿಗೇ ಒರೆಸಿಕೊಂಡರೆ ರೋಮುಲೊಗೆ ಬೇಸರವಾದೀತು ಎಂದು. ಬಸ್ಸು ಊರು ದಾಟುವವರೆಗೂ ಅದು ಅಲ್ಲೇ ಒಣಗುತ್ತಿತ್ತು. ಜೀವಮಾನವಿಡೀ ತಾನು ಹೀಗೇ ಬದುಕಿದ್ದೇನೆ ಎಂದುಕೊಂಡ, ಇನ್ನೊಬ್ಬರ ಎಂಜಲು ಒಣಗಲಿ ಎಂದು ಕಾಯುತ್ತ.

ಘಟ್ಟದ ನೆತ್ತಿಯಲ್ಲಿ ಎಲ್ಲರಂತೆ ಅವನೂ ನಿಲ್ಲಿಸಿದ. ನಾಲ್ಕೂ ಚಕ್ರಕ್ಕೆ, ನೆಲಕ್ಕೆ, ಭೂತಾಯಿ ಪಾಚಮಾಮಳ ಹೆಸರು ಹೇಳಿ ಸಾರಾಯಿ ಚಿಮುಕಿಸಿದ. ಭೂಮಿ ಅವಳದು, ಕೊಟ್ಟರೆ ಬಿಡುತ್ತಾಳೆ, ಕೊಡದಿದ್ದರೆ ತಾನೇ ತೆಗೆದುಕೊಳ್ಳುತ್ತಾಳೆ. ಉಳಿದ ಮುಚ್ಚಳದಷ್ಟನ್ನು ಚಾಲಕ ಕುಡಿಯಬೇಕು, ಅದೂ ಪದ್ಧತಿಯೇ. ಮುಂದಿನ ಲಾರಿಯವನು ಮುಚ್ಚಳ ಬಿಟ್ಟು ಸೀಸೆಯನ್ನೇ ಎತ್ತಿ, ದೇವಿಗೆ ಒಂದು ಪಾಲು, ತನಗೆ ಮೂರು ಪಾಲು ಎಂಬಂತೆ ಗಟಗಟನೆ ಇಳಿಸಿ, ಬಾಯಿ ಒರೆಸಿಕೊಂಡು ಮಂಜಿನೊಳಗೆ ಗಾಡಿ ಬಿಟ್ಟ. ಇಂಥವರನ್ನು ದೇವಿ ಹೇಗೆ ಕಾಯಬೇಕು? ಅಲ್ಲಿಂದ ಕೆಳಗೆ ರಸ್ತೆಯ ಬದಿಗೆ ನಾಯಿಗಳು ಕೂತಿರುತ್ತವೆ, ಕೂಗಳತೆಗೊಂದು, ಯಾರೋ ನೆಟ್ಟ ಹಾಗೆ. ಅವುಗಳಿಗೆ ಬನ್ನು ಎಸೆಯದೆ ಇಳಿದವನು ವಾಪಸ್ಸು ಏರುವುದಿಲ್ಲ ಎನ್ನುತ್ತಾರೆ. ಸತ್ತವರು ನಾಯಿಗಳಾಗಿ ಕಾಯುತ್ತಾರಂತೆ. ಎವಾರಿಸ್ತೊ ಪ್ರತಿದಿನ ಬೆಳಿಗ್ಗೆ ಒಂದು ಚೀಲ ಬನ್ನು ಕೊಳ್ಳುತ್ತಾನೆ, ಗಾಡಿ ನಿಧಾನ ಮಾಡದೆ ಎಡಗೈಯಿಂದ ಕಿಟಕಿಯಾಚೆ ಬೀಸುತ್ತಾನೆ. ಹತ್ತೊಂಬತ್ತು ವರ್ಷದ ಅಭ್ಯಾಸ, ಕೈಗೆ ತಾನೇ ಗೊತ್ತಿರುತ್ತದೆ. ಚೀಲದಲ್ಲಿ ಒಂದು ಬನ್ನು ಮಾತ್ರ ಯಾವಾಗಲೂ ಉಳಿಯಬೇಕು. ಅದು ಮೊಣಕೈ ತಿರುವಿನ ಮೆಲಿತೋನ್ ತಾತನದು. ಅದನ್ನೂ ಗಾಡಿ ನಿಲ್ಲಿಸದೆಯೇ ಎಸೆಯುತ್ತಿದ್ದರು, ಎಲ್ಲರೂ. ಒಮ್ಮೆ, ಎಷ್ಟೋ ವರ್ಷದ ಹಿಂದೆ, ಅವನು ಎಸೆದ ಬನ್ನು ಮುದುಕನ ಕೆನ್ನೆಗೆ ಬಡಿದಿತ್ತು. ಗಟ್ಟಿ ಬನ್ನು. ಬಸ್ಸಿನವರೆಲ್ಲ ನಕ್ಕಿದ್ದರು. ಮುದುಕ ಕೆನ್ನೆ ಒರೆಸಿಕೊಂಡು ಬಗ್ಗಿ ಹೆಕ್ಕಿಕೊಂಡು ಟೋಪಿ ಎತ್ತಿದ್ದ. ಆ ಎತ್ತಿದ ಟೋಪಿ ಎವಾರಿಸ್ತೊಗೆ ಈಗ ನೆನಪಾಯಿತು.

ಮೆಲಿತೋನ್ ಮೊದಲು ರಸ್ತೆ ಕೂಲಿ. ಬೆಟ್ಟ ಜರಿದಾಗ ಮಣ್ಣು ಎತ್ತುವ ಕೆಲಸ. ಆ ಕೆಲಸ ಹೋದ ಮೇಲೆ ಅವನು ಮನೆಗೆ ಹೋಗಲಿಲ್ಲ, ತಿರುವಿನ ತುದಿಯಲ್ಲಿ ತಗಡಿನ ಗೂಡು ಕಟ್ಟಿಕೊಂಡು, ಒಂದು ಹಲಗೆಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಳಿದುಕೊಂಡು ನಿಂತ. ತಿರುವಿನ ಎರಡೂ ತೋಳು ಕಾಣುವುದು ಅವನಿಗೊಬ್ಬನಿಗೇ. ಮಂಜಿದ್ದರೆ ಅವನಿಗೂ ಕಾಣುವುದಿಲ್ಲ, ಆಗ ಕಿವಿಯಿಂದ ನೋಡುತ್ತಾನೆ. ಕೆಳಗಿನಿಂದ ಏರುವ ಲಾರಿಯ ಎಂಜಿನ್ನು ಎರಡು ತಿರುವಿನಾಚೆ ಇದ್ದಾಗಲೇ ಅವನಿಗೆ ತಿಳಿಯುತ್ತದೆ, ತುಂಬಿದ ಲಾರಿಯೋ ಖಾಲಿಯೋ ಎಂಬುದು ಸಹ. ಯಾರೂ ಅವನನ್ನು ನೇಮಿಸಿಲ್ಲ, ಯಾರೂ ತೆಗೆಯುವ ಹಾಗೂ ಇರಲಿಲ್ಲ, ಎವಾರಿಸ್ತೊ ತಲೆ ಆಡಿಸುವವರೆಗೆ.

ಮಂಜು ದಟ್ಟವಾಯಿತು. ಎದುರಿನಿಂದ ಏರಿ ಬಂದ ಒಂದು ಜೀಪು ದೊಡ್ಡ ದೀಪ ಹಾಕಿಕೊಂಡೇ ಪಕ್ಕದಲ್ಲಿ ಹಾದುಹೋಯಿತು. ಹೋದ ಮೇಲೂ ಕಣ್ಣೊಳಗೆ ಬಿಳಿ ಉಳಿದಿತ್ತು. ಮಂಜಿಗೆ ದೊಡ್ಡ ದೀಪ ಹಾಕುವವನು ಗೋಡೆಗೆ ಸುಣ್ಣ ಬಳಿದು ಅದರಾಚೆ ಇಣುಕುವವನು ಎಂದು ಅವನಿಗೆ ಗಾಡಿ ಕಲಿಸಿದ ಸೋದರಮಾವ ಹೇಳುತ್ತಿದ್ದ. ಎಲ್ಲರಿಗೂ ಗೊತ್ತಿರುವ ಮಾತೇ. ಗೊತ್ತಿದ್ದೂ ಹಾಕುತ್ತಾರೆ, ತಮಗೆ ಕಾಣದಿದ್ದರೂ ಪರವಾಗಿಲ್ಲ, ತಾವು ಇದ್ದೇವೆ ಎಂದು ಎದುರಿನವನಿಗೆ ತಿವಿಯಬೇಕು. ಇನ್ನು ಕೆಲವರು ಮುಂದಿನ ಗಾಡಿಯ ಕೆಂಪು ದೀಪವನ್ನೇ ತಾಯಿಯ ಸೆರಗು ಹಿಡಿದಂತೆ ಹಿಡಿದು ಹೋಗುತ್ತಾರೆ, ಮುಂದಿನವನು ಕಂದರಕ್ಕೆ ಹೋದರೆ ಅಲ್ಲಿಗೂ ಹಿಂದೆಯೇ. ಕೆಲವರು ಹಾರ್ನು ಕೇಳಿಸದಷ್ಟು ಜೋರಾಗಿ ಹಾಡು ಹಾಕಿಕೊಳ್ಳುತ್ತಾರೆ. ಇವನ್ನೆಲ್ಲ ಹೀಗೆ ಎಣಿಸುತ್ತ ಎಣಿಸುತ್ತ ಅವನಿಗೆ ಒಂದು ಕೊಳಕು ಸಮಾಧಾನ ಸಿಗುತ್ತಿತ್ತು. ಕುಂಬಳಕಾಯಿ ಕಳ್ಳ ತನ್ನ ಹೆಗಲು ಮುಟ್ಟಿಕೊಳ್ಳುವ ಮೊದಲು ಊರಿನವರ ಹೆಗಲನ್ನೆಲ್ಲ ನೋಡಿಕೊಂಡು ಬಂದ ಹಾಗೆ. ಅವತ್ತು ದೊಡ್ಡ ದೀಪ ಹಾಕಿದವನು ಅವನೇ.

ಅವತ್ತೂ ಇಷ್ಟೇ ಮಂಜು. ಮುದುಕ ಕೆಂಪು ತೋರಿಸಿದ್ದ. ಅವನು ನಿಂತ. ಒಂದು ನಿಮಿಷ, ಎರಡು ನಿಮಿಷ, ಏನೂ ಬರಲಿಲ್ಲ. ಬೇರೊಂದು ಸಂಘದ ಬಸ್ಸು ಹಿಂದೆ ಬಂದು ನಿಂತು ಹಾರ್ನು ಬಡಿಯತೊಡಗಿತು. ಅದು ಮೊದಲು ತಲುಪಿದರೆ ಕೆಳಗಿನ ಜನರೆಲ್ಲ ಅದಕ್ಕೇ ಹತ್ತುತ್ತಾರೆ. ಅವನ ಬಸ್ಸಿನಲ್ಲೂ ಶುರುವಾಯಿತು. “ಯಾಕ್ ಮೇಸ್ತ್ರಿ, ನಿದ್ದೆ ಬಂತಾ?” “ಹೆಂಡ್ತಿ ಪರ್ಮಿಷನ್ ಕೊಟ್ಟಿಲ್ವೇನೋ.” “ನಾನ್ ಓಡಿಸ್ಲಾ?” ಎಲ್ಲರೂ ನಕ್ಕರು. ಆ ನಗುವೇ ಅವನ ಕಾಲನ್ನು ಒತ್ತಿದ್ದು. ಮೂವತ್ತು ಜನರ ಪ್ರಾಣ ಕೈಯಲ್ಲಿಟ್ಟುಕೊಂಡವನು ಒಂದು ಚಿಲ್ಲರೆ ನಗೆಗೆ ಗಾಡಿ ಬಿಟ್ಟ. ತಿರುವು ದಾಟುವಷ್ಟರಲ್ಲಿ ಎದುರಿಗೆ ಅದೇ ದಾರಿಯಲ್ಲಿ ಹಣ್ಣು ಸಾಗಿಸುವ ಸಬೀನೊನ ಕಿತ್ತಳೆ ಲಾರಿ, ಗೋಡೆಗೆ ಒತ್ತಿಕೊಂಡು ಏರುತ್ತಿತ್ತು. ಮೇಲೆ ಹಣ್ಣಿನ ಹೊರೆಯ ಮೇಲೆ ಮೂವರು ಕಂಬಳಿ ಹೊದ್ದು ಕೂತಿದ್ದರು. ದೇಶದಲ್ಲೆಲ್ಲ ಬಲಕ್ಕೆ ಹೋದರೆ ಈ ದಾರಿಯಲ್ಲಿ ಮಾತ್ರ ಎಡಕ್ಕೆ: ಇಳಿಯುವವನು ಅಂಚಿಗೆ, ಏರುವವನು ಗೋಡೆಗೆ. ಸ್ಟಿಯರಿಂಗ್ ಎಡಗಡೆ ಇರುವುದರಿಂದ ಇಳಿಯುವವನ ಕಿಟಕಿ ಅಂಚಿನ ಕಡೆಗಿರುತ್ತದೆ, ತಲೆ ಹೊರಹಾಕಿ ತನ್ನ ಚಕ್ರ ನೋಡಿಕೊಳ್ಳಲಿ ಎಂದು ಹಿರಿಯರು ಮಾಡಿಟ್ಟ ಕ್ರಮ. ಎದುರುಬದುರಾದರೆ ಇಳಿಯುವವನೇ ಹಿಂದೆ ಸರಿಯಬೇಕು. ಅವನು ಸರಿಯಬೇಕಿತ್ತು. ಮಂಜಿನಲ್ಲಿ, ಅಂಚಿನಲ್ಲಿ, ಹಿಂದಿನ ಬಸ್ಸು ಒತ್ತಿಕೊಂಡು ನಿಂತಿರುವಾಗ, ಅಷ್ಟೂ ಜನರ ನಗುವಿನ ಮುಂದೆ. ಸರಿಯಲಿಲ್ಲ. ದೊಡ್ಡ ದೀಪ ಹಾಕಿ ಹಾರ್ನು ಒತ್ತಿ ಹಿಡಿದ. ಸಬೀನೊ ಕಿಟಕಿಯಿಂದ ತಲೆ ಹಾಕಿ ಏನೋ ಬೈದ, ಕೈಯಿಂದ ಕಣ್ಣಿಗೆ ಮರೆ ಮಾಡಿಕೊಂಡ, ಆಮೇಲೆ ಹಿಂದೆ ಹೋಗತೊಡಗಿದ. ಕೆಳಗೆ ಮೂವತ್ತು ಹೆಜ್ಜೆಯಾಚೆ ಅಗಲವಾದ ಜಾಗವಿತ್ತು. ಅವನ ಲಾರಿಯ ಬಾಲ ಹೊರಕ್ಕೆ ಹೊರಳಿತು. ಎರಡು ಮುಂದೀಪಗಳು ಮಂಜಿನಲ್ಲಿ ಮೆಲ್ಲಗೆ ಮೇಲಕ್ಕೆ ಎದ್ದವು, ಯಾರೋ ಆಕಾಶ ನೋಡಲು ಕತ್ತು ಎತ್ತಿದ ಹಾಗೆ. ಆಮೇಲೆ ಇರಲಿಲ್ಲ. ಸದ್ದು ಬಹಳ ಹೊತ್ತಿನ ಮೇಲೆ ಬಂತು.

ರಸ್ತೆಯ ತುಂಬ ಕಿತ್ತಳೆ. ಬಸ್ಸಿನವರು ಇಳಿದರು, ಶಿಲುಬೆ ಸನ್ನೆ ಮಾಡಿಕೊಂಡರು, ಅಂಚಿಗೆ ಹೋಗಿ ಇಣುಕಿದರು, ಬಿಳಿ ಬಿಟ್ಟು ಏನೂ ಕಾಣಲಿಲ್ಲ. ಒಬ್ಬಳು ಬಗ್ಗಿ ಒಂದು ಹಣ್ಣು ಎತ್ತಿಕೊಂಡಳು. ಆಮೇಲೆ ಎಲ್ಲರೂ. ಲಂಗದ ಮಡಿಲಿಗೆ, ಟೋಪಿಗೆ, ಚೀಲಕ್ಕೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಹೊಡೆದ ಹಣ್ಣು ಬಿಟ್ಟು ಒಳ್ಳೆಯದನ್ನು ಆರಿಸುತ್ತಿದ್ದರು. ಬಾಸಿಲಿಯಾ ಒಂದನ್ನು ಸುಲಿದು ಅವನ ಬಾಯಿಗೇ ತೊಳೆ ಇಟ್ಟಳು, “ತಿನ್ನು, ತಲೆ ಸುತ್ತು ನಿಲ್ಲುತ್ತೆ.” ಅವನು ತಿಂದ. ಸಿಹಿಯಾಗಿತ್ತು. ಅದೇ ಅವನಿಗೆ ಕ್ಷಮಿಸಿಕೊಳ್ಳಲಾಗದ್ದು, ಅದು ಸಿಹಿಯಾಗಿತ್ತು ಎಂಬುದು, ನಾಲಿಗೆಗೆ ಇನ್ನೊಂದು ಬೇಕೆನಿಸಿತು ಎಂಬುದು. ಮಧ್ಯಾಹ್ನ ಠಾಣೆಯವನು ಬಂದು ಮುದುಕ ಯಾವ ಬಣ್ಣದ ಹಲಗೆ ತೋರಿಸಿದ ಎಂದು ಕೇಳಿದ. ಬಸ್ಸಿನ ಗಾಜೆಲ್ಲ ಹಬೆ, ಹಲಗೆ ಕಂಡದ್ದು ಮುಂದಿದ್ದ ಇಬ್ಬರಿಗೆ ಮಾತ್ರ. ಬಾಸಿಲಿಯಾ ಸಿಪ್ಪೆ ಉಗುಳಿ ಹೇಳಿದಳು, “ಹಸಿರು. ಮೊದಲು ಕೆಂಪು ಇತ್ತು, ಆಮೇಲೆ ಹಸಿರು ಎತ್ತಿದ. ಅಲ್ವಾ ಮೇಸ್ತ್ರಿ?” ಅವನು ಸುಳ್ಳು ಹೇಳಲಿಲ್ಲ. ತಲೆ ಆಡಿಸಿದ, ಅಷ್ಟೇ. ಮುದುಕ ಒಂದೇ ಸಲ “ಕೆಂಪು” ಎಂದ. ಇನ್ನೊಂದು ಸಲ ಹೇಳಬೇಕು ಎಂದು ಅವನಿಗೆ ಅನಿಸಿದ ಹಾಗಿರಲಿಲ್ಲ. ಮಾರನೆಯ ದಿನದಿಂದ ಯಾರೂ ಅವನಿಗೆ ಬನ್ನು ಎಸೆಯಲಿಲ್ಲ. ಹಲಗೆ ನೋಡದೆ ಹಾರ್ನು ಬಡಿದು ನುಗ್ಗತೊಡಗಿದರು. ಈ ಇಪ್ಪತ್ತು ದಿನದಲ್ಲಿ ಆ ತಿರುವಿನಲ್ಲಿ ಎರಡು ಗಾಡಿ ಒಂದಕ್ಕೊಂದು ಉಜ್ಜಿಕೊಂಡವು. ಅದಕ್ಕೂ ಮುದುಕನನ್ನೇ ಬೈದರು.

ಅದಾದ ವಾರ ಮನೆಯಲ್ಲಿ ಹೆಂಡತಿ ಹೊನೋರಾತಾ ಸಂತೆಯಿಂದ ಒಂದು ಪುಟ್ಟಿ ಕಿತ್ತಳೆ ತಂದಿದ್ದಳು. ಅವನು ಪುಟ್ಟಿಯನ್ನೇ ಎತ್ತಿ ಹಿತ್ತಲಿಗೆ ಹಾಕಿದ. ಅವಳು ಒಂದೊಂದನ್ನೇ ಹೆಕ್ಕಿ, ತೊಳೆದು, ಮತ್ತೆ ಪುಟ್ಟಿಗೆ ಹಾಕಿ ಮಂಚದ ಕೆಳಗೆ ತಳ್ಳಿದಳು. ರಾತ್ರಿಯೆಲ್ಲ ಮಂಚದ ಕೆಳಗಿನಿಂದ ವಾಸನೆ ಬರುತ್ತಿತ್ತು. ಅವಳಿಗೆ ಗೊತ್ತು ಎಂದು ಅವನಿಗೆ ಗೊತ್ತಾಯಿತು.

“ಬಂತು ನೋಡು, ನಿಂತಿದಾನೆ ಪಿಶಾಚಿ ಹಂಗೆ,” ಎಂದಳು ಬಾಸಿಲಿಯಾ.

ಮೊಣಕೈ ತಿರುವು. ಮಂಜಿನಲ್ಲಿ ಮೊದಲು ಹಲಗೆ ಕಂಡಿತು, ಆಮೇಲೆ ಅದನ್ನು ಹಿಡಿದ ಕೈ, ಆಮೇಲೆ ಟೋಪಿ. ಹಸಿರು. ಮುದುಕ ಅದನ್ನು ಎದೆಯ ಮಟ್ಟಕ್ಕೆ ಹಿಡಿದು, ಯಾವಾಗಲೂ ಮಾಡುವಂತೆ ಎರಡು ಸಲ ಮೆಲ್ಲಗೆ ಅಲುಗಿಸಿದ, ಬಾ, ಬಾ ಎಂದು. ಹತ್ತೊಂಬತ್ತು ವರ್ಷದಲ್ಲಿ ಆ ಹಸಿರು ಒಂದು ಸಲವೂ ತಪ್ಪಿದ್ದಿಲ್ಲ. ಇಡೀ ಘಟ್ಟದಲ್ಲಿ ಅದು ಖಚಿತವಾಗಿ ಗೊತ್ತಿದ್ದದ್ದು ಇಬ್ಬರಿಗೆ, ಹಲಗೆ ಹಿಡಿದವನಿಗೆ ಮತ್ತು ಅವನ ಮೇಲೆ ಸುಳ್ಳು ಹೊರಿಸಿದವನಿಗೆ. ಎವಾರಿಸ್ತೊನ ಕಾಲು ಬ್ರೇಕಿನ ಮೇಲೆ ಹೋಯಿತು. ಬಸ್ಸು ನಿಂತಿತು. ಅವನಿಗೇ ಆಶ್ಚರ್ಯವಾಯಿತು. ಯಾಕೆ ನಿಂತೆ? ಆಮೇಲೆ ಉತ್ತರ ತಾನಾಗಿ ಬಂತು, ಹೊಟ್ಟೆಯಿಂದ ಹುಳಿ ಮೇಲೆ ಬಂದ ಹಾಗೆ: ಆ ಜಾಗದಲ್ಲಿ ತಾನಿದ್ದಿದ್ದರೆ ಇವತ್ತು ಹಸಿರನ್ನೇ ತೋರಿಸುತ್ತಿದ್ದೆ, ಎದುರಿಗೆ ತುಂಬಿದ ಲಾರಿ ಬರುತ್ತಿರುವಾಗ. ಅವನು ಮುದುಕನಿಗೆ ಹೆದರಲಿಲ್ಲ. ಮುದುಕನೊಳಗೆ ತನ್ನನ್ನು ಕೂರಿಸಿ ನೋಡಿ ಅದಕ್ಕೆ ಹೆದರಿದ.

“ಹೋಗ್ಬೇಡ!” ಬಾಸಿಲಿಯಾ ಕಿರುಚಿದಳು. “ಹೋಗ್ಬೇಡ ಮೇಸ್ತ್ರಿ, ಅವನ ಹಸಿರು ನಂಬ್ಬೇಡ. ಅವತ್ತೂ ಹಿಂಗೇ ಹಸಿರು ತೋರ್ಸಿ ನಾಲ್ಕು ಜನಾನ ಕೊಂದ!”

ಅವನು ತಿರುಗಿ ಅವಳ ಮುಖ ನೋಡಿದ. ಅವಳು ನಾಟಕ ಮಾಡುತ್ತಿರಲಿಲ್ಲ. ಕಿತ್ತಳೆ ಮಡಿಲಿನಿಂದ ಜಾರಿ ಬಿದ್ದದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ತಾನೇ ಕಟ್ಟಿದ ಹಸಿರನ್ನು ನಿಜವಾಗಿ ನೋಡಿದ್ದಾಗಿ ಅವಳು ನಂಬಿಬಿಟ್ಟಿದ್ದಳು, ಈ ಇಪ್ಪತ್ತು ದಿನದಲ್ಲಿ ಯಾವತ್ತೋ. ಬಸ್ಸಿನ ತುಂಬ ಗದ್ದಲವಾಯಿತು. “ಬಾಗ್ಲು ತೆಗಿ, ನಾವ್ ನಡ್ಕೊಂಡ್ ಹೋಗ್ತೀವಿ.” “ತಿರುವು ದಾಟಿ ಆಚೆ ನಿಂತಿರ್ತೀವಿ, ನೀನ್ ಒಬ್ನೇ ತಗೊಂಡ್ ಬಾ.” ಮೂವತ್ತೆರಡು ಜನ ಕೆಳಗಿಳಿದು ಗೋಡೆಯ ಮಗ್ಗುಲಲ್ಲಿ ಸಾಲಾಗಿ ಹೋದರು. ಮುದುಕನ ಪಕ್ಕ ಹಾಯುವಾಗ ಒಬ್ಬ ನೆಲಕ್ಕೆ ಉಗುಳಿದ. ಒಬ್ಬ ಹೆಂಗಸು ಮುಖಕ್ಕೇ ಹೇಳಿದಳು, “ಥೂ ನಿನ್ ಜನ್ಮಕ್ಕೆ.” ಮುದುಕ ಹಸಿರನ್ನು ಇಳಿಸದೆ ಅವರು ದಾಟುವವರೆಗೆ ಹಿಡಿದೇ ಇದ್ದ, ಅವರೂ ಒಂದು ಗಾಡಿ ಎಂಬಂತೆ.

ಎವಾರಿಸ್ತೊ ಇಳಿದು ಅವನ ಹತ್ತಿರ ಹೋದ. ಹತ್ತೊಂಬತ್ತು ವರ್ಷದಲ್ಲಿ ಆ ತಿರುವಿನ ನೆಲಕ್ಕೆ ಅವನು ಕಾಲಿಟ್ಟದ್ದು ಇದು ಎರಡನೆಯ ಸಲ. ಮುದುಕ ಅಂದುಕೊಂಡದ್ದಕ್ಕಿಂತ ಗಿಡ್ಡ. ಕಿಟಕಿಯ ಎತ್ತರದಿಂದ ಅದು ಗೊತ್ತಾಗಿರಲಿಲ್ಲ, ಅವತ್ತು ಅವನ ಕಡೆ ನೋಡಿಯೇ ಇರಲಿಲ್ಲ.

“ಹಸಿರು ತೋರಿಸ್ದೆ,” ಎಂದ ಮೆಲಿತೋನ್. “ಯಾಕ್ ನಿಂತೆ?”

“ಜನ ಹೆದರ್ಕೊಂಡ್ರು ತಾತ.”

“ಜನ ಆಮೇಲೆ ಹೆದರ್ಕೊಂಡ್ರು. ನೀನ್ ಯಾಕ್ ನಿಂತೆ ಅಂತ ಕೇಳ್ದೆ.”

ಎವಾರಿಸ್ತೊ ಮುದುಕನ ಕಣ್ಣು ಬಿಟ್ಟು ಉಳಿದದ್ದನ್ನೆಲ್ಲ ನೋಡಿದ. ಟೈರು ಕತ್ತರಿಸಿ ಮಾಡಿದ ಚಪ್ಪಲಿ, ತಗಡಿನ ಗೂಡು, ಗೂಡಿನ ಬಾಯಲ್ಲಿ ತಣ್ಣಗಾದ ಒಲೆ. ಬನ್ನಿನ ಒಂದು ತುಣುಕೂ ಇರಲಿಲ್ಲ. “ಸಂಘದೋರು ಹಲಗೆ ತರೋಕ್ ಹೇಳಿದಾರೆ,” ಎಂದ. ದನಿ ಅವನದೇ ಎನಿಸಲಿಲ್ಲ, ರೋಮುಲೊನದರಂತೆ ಬೆಚ್ಚಗೆ ಒದ್ದೆಯಾಗಿತ್ತು.

“ಗೊತ್ತು. ನಿನ್ನೆ ಹಾಲಿನ ಲಾರಿಯೋನು ಹೇಳ್ದ.” ಮುದುಕ ಹಸಿರನ್ನು ಕೊಟ್ಟ. ಗೋಡೆಗೆ ಒರಗಿಸಿಟ್ಟಿದ್ದ ಕೆಂಪನ್ನು ತೆಗೆದು, ಅಂಗಿಯ ತೋಳಿನಿಂದ ನೀರು ಒರೆಸಿ, ಅದನ್ನೂ ಕೊಟ್ಟ. “ಈ ಕೆಂಪಿನ ಹಿಡಿ ಸಡಿಲ ಆಗಿದೆ. ಮೊಳೆ ಹೊಡೀಬೇಕು ಅಂತ ಹೇಳು.”

ಅವನು ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ಬಂದು ಕೂತ. ಮುದುಕ ಒಂದು ಮಾತು ಬೈದಿದ್ದರೆ, ಒಂದು ಕಲ್ಲು ಎತ್ತಿದ್ದರೆ, ತಾನೂ ಬೈದು ಹಗುರಾಗಬಹುದಿತ್ತು. ಮೊಳೆ ಹೊಡೀಬೇಕಂತೆ. ಯಾರಿಗೆ? ಆ ಹಲಗೆ ಸಂಜೆಯೊಳಗೆ ಸಂಘದ ಕಚೇರಿಯ ಮೂಲೆಯಲ್ಲಿ ಪೊರಕೆಯ ಜೊತೆ ನಿಂತಿರುತ್ತದೆ. ಎಂಜಿನ್ ಚಾಲೂ ಮಾಡಿದ. ಎದುರಿಗೆ ತಿರುವು ಬರಿದಾಗಿತ್ತು. ಹಲಗೆ ಇಲ್ಲದ ಆ ಜಾಗದ ಗುರುತೇ ಅವನಿಗೆ ಸಿಗಲಿಲ್ಲ, ಎಲ್ಲಿ ರಸ್ತೆ ಮುಗಿದು ಗಾಳಿ ಶುರುವಾಗುತ್ತದೆ ಎಂದು ತಿಳಿಯಲಿಲ್ಲ. ಹಾರ್ನು ಹೊಡೆದ. ಮಂಜು ಅದನ್ನು ನುಂಗಿತು. ಇನ್ನೇನು ಗಾಡಿ ಬಿಡಬೇಕು, ಬಿಡಲೇಬೇಕು, ಆಗ ಬಿಳಿಯೊಳಗಿನಿಂದ ಒಂದು ಬರಿಗೈ ಮೇಲೆದ್ದಿತು. ಅಂಗೈ ಅವನ ಕಡೆಗೆ. ಮುದುಕ ಕತ್ತನ್ನು ಓರೆ ಮಾಡಿ ನಿಂತಿದ್ದ, ಕಿವಿ ಕೆಳಗಿನ ದಾರಿಯ ಕಡೆ.

ಎವಾರಿಸ್ತೊ ನಿಂತ. ಈ ಸಲ ಯೋಚಿಸಲಿಲ್ಲ. ಒಂದು ನಿಮಿಷ ಆಯಿತು, ಎರಡಾಯಿತು, ಮೂರಾಯಿತು. ಯಾರೂ ನಗಲಿಲ್ಲ, ನಗಲು ಬಸ್ಸಿನಲ್ಲಿ ಯಾರೂ ಇರಲಿಲ್ಲ. ಹೀಗೆ ಕಾಯುವುದು ಎಷ್ಟು ಸುಲಭ ಎಂದು ಅವನಿಗೆ ಅಳು ಬಂತು. ಮೂರು ನಿಮಿಷ, ಅಷ್ಟೇ ಕೇಳಿದ್ದು ಮುದುಕ ಅವತ್ತು. ಆಮೇಲೆ ಒಂದು ತುಂಬಿದ ಲಾರಿ ಏದುಸಿರು ಬಿಡುತ್ತ ತಿರುವಿನಿಂದ ಮೂತಿ ಹಾಕಿ, ಗೋಡೆ ಒತ್ತಿ, ಅವನ ಬಸ್ಸಿನ ಕನ್ನಡಿಗೆ ಒಂದು ಗೇಣು ಬಿಟ್ಟು ಮೇಲಕ್ಕೆ ಹೋಯಿತು. ಅದರ ಚಾಲಕ ಕೋಕಾ ತುಂಬಿದ ಕೆನ್ನೆಯಿಂದ ಒಂದು ನಗೆ ನಕ್ಕ. ಏನೂ ತಿಳಿಯದವನ ನಗೆ.

ಮುದುಕ ಕೈ ಇಳಿಸಿದ. ಬಸ್ಸಿನ ಮುಂದೆ ಬಂದು ನಿಂತು, ಬೆನ್ನು ಕೆಳಗಿನ ದಾರಿಗೆ, ಮುಖ ಬಸ್ಸಿಗೆ ಮಾಡಿ, ಎರಡೂ ಕೈಯಿಂದ ಕರೆಯುತ್ತ ಹಿಂದೆ ಹಿಂದೆ ಹೆಜ್ಜೆ ಇಟ್ಟ. ಅಂಚು ಹತ್ತಿರವಾದರೆ ಬಲಗೈ ಬೀಸುತ್ತಿದ್ದ, ಗೋಡೆ ಹತ್ತಿರವಾದರೆ ಎಡಗೈ. ಎವಾರಿಸ್ತೊ ಅವನ ಅಂಗೈಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಲವತ್ತು ಹೆಜ್ಜೆ. ತಿರುವು ದಾಟಿತು.

ಆಚೆ ಗೋಡೆಗೆ ಅಂಟಿಕೊಂಡು ನಿಂತಿದ್ದವರು ಬಾಗಿಲಿಗೆ ಮುಗಿಬಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. “ನೋಡಿದ್ಯಾ ಮೇಸ್ತ್ರಿ? ಲಾರಿ! ನಮ್ ಮೂಗ್ ಸವರ್ಕೊಂಡ್ ಹೋಯ್ತು!” “ಹಸಿರು ತೋರಿಸ್ದ, ಲಾರಿ ಬಂತು! ಕಣ್ಣಾರೆ ನೋಡಿದ್ವಿ.” “ನೀನ್ ನಿಲ್ಲಿಸ್ಲಿಲ್ಲ ಅಂದಿದ್ರೆ ನಾವೆಲ್ಲಾ ಕೆಳಗೆ.” ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಹಿಂದಿನಿಂದ ಒಂದು ಕೈ ಬಂದು ಅವನ ಬೆನ್ನು ಸವರಿತು. ಹಸಿರು ತೋರಿಸಿ ಹತ್ತು ನಿಮಿಷವಾಗಿತ್ತು. ಆಗ ಹೋಗಿದ್ದರೆ ಲಾರಿ ಎಲ್ಲೋ ಮೂರು ತಿರುವು ಕೆಳಗೆ ಸಿಗುತ್ತಿತ್ತು, ಅಗಲದ ಜಾಗದಲ್ಲಿ. ಅಷ್ಟು ಹೊತ್ತು ನಿಂತದ್ದು ತಾವು. ಅದನ್ನು ಲೆಕ್ಕ ಹಾಕಲು ಬೇಕಾದ ಬುದ್ಧಿ ಬಸ್ಸಿನಲ್ಲಿ ಎಲ್ಲರಿಗೂ ಇತ್ತು, ಆ ಲೆಕ್ಕ ಬೇಕಾಗಿದ್ದವರು ಯಾರೂ ಇರಲಿಲ್ಲ.

“ಅವತ್ತು ಕೆಂಪಿತ್ತು,” ಎಂದ ಎವಾರಿಸ್ತೊ.

ಮೊದಲ ಎರಡು ಸಾಲಿಗೆ ಮಾತ್ರ ಕೇಳಿಸಿತು. ಅವನು ಎದ್ದು ನಿಂತು ಹಿಂದಕ್ಕೆ ತಿರುಗಿ ಇನ್ನೊಮ್ಮೆ ಹೇಳಿದ. “ಅವತ್ತು ತಾತ ತೋರಿಸಿದ್ದು ಕೆಂಪು. ನಾನೇ ನುಗ್ಗಿದ್ದು. ದೊಡ್ಡ ದೀಪ ಹಾಕಿದ್ದೂ ನಾನೇ. ಇವತ್ತಿನ ಹಸಿರೂ ಸರಿಯಾಗೇ ಇತ್ತು.”

ಅವನು ಕಾದ. ಕೊಳೆತ ಹಲ್ಲು ಕಿತ್ತ ಮೇಲೆ ರಕ್ತ ಬರುವುದಕ್ಕೆ ಕಾದ ಹಾಗೆ. ಆಮೇಲೆ ಬಾಸಿಲಿಯಾ ಟೋಪಿ ತೆಗೆದು, ಕಣ್ಣು ಒರೆಸಿಕೊಂಡು, ನಕ್ಕಳು.

“ನೋಡ್ರಪ್ಪ ಇವನ ಮನಸ್ಸು! ಆ ಮುದುಕ ಇವತ್ತು ಕೊಲ್ಲೋಕ್ ಹೊರಟಿದ್ದ, ಇವ್ನು 'ಪಾಪ, ಹೊಟ್ಟೆಪಾಡು' ಅಂತ ತನ್ ಮೇಲೇ ಹಾಕ್ಕೊಳ್ತಾನೆ. ನಾನ್ ಪಕ್ಕದಲ್ಲೇ ಕೂತಿದ್ನಲ್ಲ ಮೇಸ್ತ್ರಿ, ನನ್ ಕಣ್ಣಿಗೆ ಮಣ್ಣೆರಚ್ತೀಯಾ?”

“ಒಳ್ಳೇ ಮನುಷ್ಯ,” ಎಂದರು ಹಿಂದಿನಿಂದ. “ಇಂಥೋರು ಈಗ ಎಲ್ಲಿ ಸಿಗ್ತಾರೆ?” ಮತ್ತೆ ಚಪ್ಪಾಳೆ ಬಿತ್ತು. ಒಬ್ಬ ಮುದುಕಿ ಬಂದು ಅವನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದಳು. ಹೆಬ್ಬೆರಳು ಕಿತ್ತಳೆ ವಾಸನೆ ಹೊಡೆಯುತ್ತಿತ್ತು.

ಅವನು ಮತ್ತೆ ಸೀಟಿನಲ್ಲಿ ಕೂತ. ಕಿಟಕಿ ಇಳಿಸಿದ. ಮೆಲಿತೋನ್ ರಸ್ತೆ ದಾಟಿ ಅವನ ಕಿಟಕಿಯ ಕೆಳಗೇ ಬಂದು ನಿಂತಿದ್ದ, ಅಂಚಿಗೆ ಬೆನ್ನು ಮಾಡಿ, ಚಕ್ರ ಎಲ್ಲಿದೆ ಎಂದು ನೋಡುತ್ತ. ಒಳಗಿನ ಮಾತೆಲ್ಲ ಕೇಳಿಸಿರಬೇಕು, ಎರಡು ತಿರುವಿನಾಚೆಯ ಎಂಜಿನ್ನು ಕೇಳಿಸುವ ಕಿವಿ. ಎವಾರಿಸ್ತೊ ಹಲಗೆಗಳನ್ನು ಕಿಟಕಿಯಿಂದ ಚಾಚಿದ.

“ತಗೋ ತಾತ. ಸಭೇಲಿ ನಾನ್ ಹೇಳ್ತೀನಿ.”

“ಏನ್ ಹೇಳ್ತೀಯ?” ಮುದುಕನ ದನಿಯಲ್ಲಿ ಸಿಟ್ಟಿರಲಿಲ್ಲ, ಚಳಿ ಇತ್ತು. “ಈಗ ಹೇಳಿದ್ಯಲ್ಲ, ಚಪ್ಪಾಳೆ ತಟ್ಟಿದ್ರು. ಅಲ್ಲೂ ತಟ್ತಾರೆ.”

“ಹಲಗೆನಾದ್ರೂ ಇಟ್ಕೊ.”

“ನೀನೇ ಇಟ್ಕೊ. ನಂಬೋರು ಇರೋವರ್ಗೆ ಅದು ಹಲಗೆ. ಎಲ್ಲಾ ಗೊತ್ತಿದ್ದ ನೀನೇ ಹಸಿರು ನೋಡಿ ನಿಂತ್ಮೇಲೆ ಸೌದೆ.” ಅವನು ಬಗ್ಗಿ ಮುಂದಿನ ಚಕ್ರ ನೋಡಿದ. “ಒಂದು ಗೇಣು ಗೋಡೆ ಕಡೆ ಎಳ್ಕೊ. ಹೋಗು, ಮೇಲಿಂದ ಇನ್ನೊಂದ್ ಗಾಡಿ ಬರ್ತಿದೆ. ಖಾಲಿ.”

ಎವಾರಿಸ್ತೊ ಒಂದು ಗೇಣು ಗೋಡೆಯ ಕಡೆಗೆ ಎಳೆದುಕೊಂಡ. ಬಸ್ಸು ಹೊರಟಿತು. ಹಿಂದೆ ಯಾರೋ ಹಾಡು ಹೇಳತೊಡಗಿದರು. ಬಾಸಿಲಿಯಾ ಇನ್ನೊಂದು ಕಿತ್ತಳೆಗೆ ಉಗುರು ಚುಚ್ಚಿದಳು. ಸಭೆಯಲ್ಲಿ ಏನು ಹೇಳಬೇಕು, ಯಾರ ಹೆಸರಿನ ಮೇಲೆ ಆಣೆ ಇಡಬೇಕು, ಹೇಗೆ ಹೇಳಿದರೆ ಅದು ಒಳ್ಳೆಯತನದ ಹಾಗೆ ಕೇಳಿಸುವುದಿಲ್ಲ ಎಂದು ಅವನು ಮಾತು ಜೋಡಿಸತೊಡಗಿದ್ದ. ಅಷ್ಟರಲ್ಲಿ ಅವನ ಎಡಗೈ, ಹತ್ತೊಂಬತ್ತು ವರ್ಷದ ಅಭ್ಯಾಸದ ಕೈ, ಅವನನ್ನು ಕೇಳದೆ ಸೀಟಿನ ಪಕ್ಕದ ಚೀಲಕ್ಕೆ ಹೋಗಿ, ಉಳಿದಿದ್ದ ಒಂದು ಬನ್ನನ್ನು ತೆಗೆದು, ಗಾಡಿ ನಿಧಾನ ಮಾಡದೆ, ಕಿಟಕಿಯಾಚೆ ಬೀಸಿ ಎಸೆಯಿತು.

ಅವನು ಕನ್ನಡಿ ನೋಡಿದ. ಮುದುಕ ಬಗ್ಗಿದನೋ ಇಲ್ಲವೋ ಮಂಜಿನಲ್ಲಿ ಕಾಣಲಿಲ್ಲ.